ಅಂಗೈಯಲ್ಲಿ ತಿಕ್ಕಿದ ವಿಸ್ಕಿ

ಆ ವಿಸ್ಕಿಯನ್ನು ನಾನು ಮೊದಲು ಮೂಸಿದ್ದು ಯುನಿವರ್ಸಿಟಿಗೆಂದು ಧಾರವಾಡದಲ್ಲಿ ಹಿಡಿದ ಬಾಡಿಗೆ ಕೋಣೆಯಲ್ಲಿ, ಒಂದು ಶನಿವಾರ ಸಂಜೆ, ಒಬ್ಬಳೇ. ಗೆಳತಿ ವಿದೇಶದಿಂದ ತಂದುಕೊಟ್ಟ ಸ್ಕಾಚ್ ಸಿಂಗಲ್ ಮಾಲ್ಟ್. ಹೆಚ್ಚು ವರ್ಷ ಮಾಗಿಸಿಡದ, ಇನ್ನೂ ಎಳೆಯದು. ಕೊನೆಯ ಕೆಲವು ತಿಂಗಳು ಅದನ್ನು ಶೆರಿ ಎಂಬ ದ್ರಾಕ್ಷಿಯ ಮದ್ಯ ತುಂಬಿಟ್ಟಿದ್ದ ಹಳೆಯ ಪೀಪಾಯಿಯಲ್ಲಿ ಇಟ್ಟಿದ್ದರಂತೆ. ನಾನು ಕುಡಿಯುವುದು ಅಪರೂಪ, ಅದೂ ಒಂದೆರಡು ಚಮಚ. ಮನೆಯಲ್ಲಿ ಯಾರೂ ಕೇಳಿಲ್ಲ, ನಾನೂ ಹೇಳಿಲ್ಲ.

ಮೊದಲು ಬಂದದ್ದು ಹಸಿ ಕಟ್ಟಿಗೆಯ ವಾಸನೆ, ಮೂಗಿನೊಳಗೆ ಸಣ್ಣ ಚುರುಕು. ಲೋಟವನ್ನು ಸ್ವಲ್ಪ ದೂರ ಹಿಡಿದೆ. ಎರಡನೆಯ ಸಲ ಒಣದ್ರಾಕ್ಷಿ. ಅದರ ಹಿಂದೆ ಇನ್ನೇನೋ ಇತ್ತು, ಬಿಸಿಲಲ್ಲಿ ಒಣಗಿ ಗೋಣಿಚೀಲದೊಳಗೆ ಬೆಚ್ಚಗೆ ಕೂತ ಒಂದು ಸಿಹಿ. ಗುಟುಕು ನುಂಗಿ ಗಂಟಲಲ್ಲಿ ಖಾರ ಏರಿದಾಗ ತಿಳಿಯಿತು: ಇದು ಅಮರಗೋಳದ ಮಾರುಕಟ್ಟೆಯಲ್ಲಿರುವ ಕಾಕಾನ ಅಂಗಡಿ. ಬ್ಯಾಡಗಿ ಮೆಣಸಿನಕಾಯಿಯ ರಾಶಿ.

ಕಾಕಾ ಎಂದರೆ ಅಪ್ಪನ ತಮ್ಮ, ಮೆಣಸಿನಕಾಯಿ ದಲಾಲಿ. ಶಾಲೆಯ ರಜೆಯಲ್ಲಿ ನಾನು ಅಂಗಡಿಗೆ ಹೋದರೆ, ಕಾಕಾ ಒಂದು ಕಾಯಿ ಮುರಿದು ಅಂಗೈಯಲ್ಲಿ ತಿಕ್ಕಿ ಮೂಸುತ್ತಿದ್ದರು. ಇನ್ನೊಂದು ನನ್ನ ಕೈಗೆ. ಮೂಸಿದವರು ಮುಷ್ಟಿ ಮುಚ್ಚಬೇಕು. ಇನ್ನೊಬ್ಬರದು ಮುಗಿಯುವವರೆಗೆ ಮಾತಾಡುವಂತಿಲ್ಲ. "ಬಾಯಿ ಮೊದಲ ಹೋದ್ರ ಮೂಗು ಅದರ ಬೆನ್ನ ಹತ್ತಿ ಹೋಗ್ತೈತಿ" ಎನ್ನುತ್ತಿದ್ದರು. ಮಾಲು ತಂದವರು ಬೀಗರೇ ಆಗಿರಲಿ, ಹಸಿ ಇದ್ದರೆ ಹಸಿ ಎನ್ನಬೇಕು. ಅದೇ ಕೈಯಿಂದ ನಾನು ಕಣ್ಣು ಮುಟ್ಟಿಕೊಂಡು ಅತ್ತದ್ದೂ ಉಂಟು. ಆಗ ಕಾಕಾ ಕಣ್ಣಿಗೆ ನೀರು ಹಾಕುತ್ತ, "ಈಗ ನೀ ಖರೇ ದಲಾಲಿ ಆದಿ" ಎಂದು ನಗುತ್ತಿದ್ದರು.

ಎರಡು ವರ್ಷದ ಹಿಂದೆ ಜ್ವರ ಬಂದು ಕಾಕಾನಿಗೆ ವಾಸನೆ ಹತ್ತುವುದೇ ನಿಂತುಹೋಯಿತು. ಅಂಗಡಿಗೆ ಹೋಗುವುದನ್ನೇ ಬಿಟ್ಟರು. "ಮೂಗಿಲ್ಲದ ದಲಾಲಿ ಅಲ್ಲಿ ಕುಂತು ಏನ್ ಮಾಡ್ತಾನ? ವಾಸನಿ ಬಂದ ದಿನ ಹೋಗ್ತೇನಿ." ಚಹಾದ ಕಪ್ಪನ್ನು ಮೂಗಿನ ಹತ್ತಿರ ಹಿಡಿದು, ಸ್ವಲ್ಪ ಕಾದು, ಸುಮ್ಮನೆ ಕೆಳಗಿಡುವುದನ್ನು ನಾನು ನೋಡಿದ್ದೆ.

ಮರುದಿನ ವಿಸ್ಕಿಯನ್ನು ಒಂದು ಸಣ್ಣ ಬಾಟಲಿಗೆ ಸುರಿದುಕೊಂಡು ನವನಗರದ ಕಾಕಾನ ಮನೆಗೆ ಹೋದೆ. ಕಾಕಾ ಕಟ್ಟೆಯ ಮೇಲೆ ಕೂತಿದ್ದರು.

"ಏನವ್ವಾ ಇದು, ಕೆಮ್ಮಿನ ಔಷಧನ?"

"ಅಲ್ರಿ ಕಾಕಾ. ವಿಸ್ಕಿ."

ಕಾಕಾ ಬಾಗಿಲ ಕಡೆ ನೋಡಿದರು. ಅವರ ಹೆಂಡತಿ, ನಮ್ಮ ಕಾಕು, ಕೆಲಗೇರಿಯ ತವರಿಗೆ ಹೋಗಿದ್ದರು. "ಶಿವ ಶಿವಾ! ಕೊರಳಾಗ ಲಿಂಗ ಐತಿ ನಂದು."

"ಕುಡೀರಿ ಅನ್ನಾಕತ್ತಿಲ್ಲ. ಬರೇ ಮೂಸ್ರಿ."

"ನೀ ಕುಡದಿ ಏನು?"

"ಒಂದೀಟ."

ಕಾಕಾ ನನ್ನನ್ನೇ ನೋಡಿದರು. "ಯುನಿವರ್ಸಿಟಿಯಾಗ ಇದನ್ನೂ ಕಲಸ್ತಾರೇನು?" ಎಂದು ಅಂಗೈ ಚಾಚಿದರು. "ಹಾಕು. ನಿಮ್ಮ ಕಾಕೂಗ ಹೇಳಬ್ಯಾಡ, ಇಡೀ ಮನಿ ತೊಳಸ್ತಾಳ."

ಅವರ ಕೈಗೆ ನಾಲ್ಕು ಹನಿ, ನನ್ನ ಕೈಗೆ ನಾಲ್ಕು ಹನಿ. ಕಾಕಾ ತಿಕ್ಕಿದರು, ಕಣ್ಣು ಮುಚ್ಚಿ ಮೂಸಿದರು, ಬಹಳ ಹೊತ್ತು ಮೂಸಿದರು. ಮುಷ್ಟಿ ಮುಚ್ಚಿದರು. ನಾನೂ ಮೂಸಿ ಮುಚ್ಚಿದೆ.

"ಉರಿ ಹತ್ತಿತು," ಎಂದರು. "ಆಮ್ಯಾಲ ಬೆಲ್ಲ. ಬೆಲ್ಲದ ವಾಸನಿ ಬಂತು. ಹೌದಿಲ್ಲೋ?"

ನಮ್ಮ ಕಡೆ ಕಳ್ಳಬಟ್ಟಿಗೆ ಹಾಕುವುದು ಬೆಲ್ಲ. ವಾಸನೆ ಹತ್ತದವರು ಊಹಿಸಿದರೂ ಅದನ್ನೇ ಊಹಿಸುತ್ತಾರೆ. ಆದರೆ ಈ ವಿಸ್ಕಿಯಲ್ಲಿ ಬೆಲ್ಲ ಇರಲಿಲ್ಲ. ನಾನು ಹೌದು ಎಂದರೆ ಕಾಕಾ ನಾಳೆಯೇ ಅಂಗಡಿಗೆ ಹೋಗುತ್ತಾರೆ. ಮೊದಲ ರಾಶಿಯ ಮುಂದೆ, ಎಲ್ಲರ ಎದುರಿಗೆ, ಮೂಗು ಮರಳಿಲ್ಲವೆಂದು ಗೊತ್ತಾಗುತ್ತದೆ. ನನ್ನ ಮುಷ್ಟಿ ಇನ್ನೂ ಮುಚ್ಚಿಯೇ ಇತ್ತು.

"ಇಲ್ರಿ ಕಾಕಾ. ಬೆಲ್ಲ ಇಲ್ಲ."

ಅವರು ಅಂಗೈಯನ್ನು ಧೋತರಕ್ಕೆ ಒರೆಸಿಕೊಂಡರು. ರಸ್ತೆಯ ಕಡೆ ನೋಡುತ್ತ ಕೂತರು.

"ಉರಿ ಅಷ್ಟ ಬಂದಿದ್ದು," ಎಂದರು ಕೊನೆಗೆ. "ಬ್ಯಾರೆ ಯಾರರ ಆಗಿದ್ರ ಹೌದು ಅಂದುಬಿಡ್ತಿದ್ರು, ಪಾಪ ಅಂತ." ಮತ್ತೆ ಕಣ್ಣು ಮುಚ್ಚಿದರು. "ಹಂಗಾರ ಏನೈತಿ? ಹೇಳು."

ಮುಷ್ಟಿ ತೆರೆದು ಇನ್ನೊಮ್ಮೆ ಮೂಸಿದೆ. "ಮೊದಲ ಹಸಿ ಕಟಗಿ. ಆಮ್ಯಾಲ ಒಣದ್ರಾಕ್ಷಿ. ಅದರ ಹಿಂದ ನಿಮ್ಮ ಅಂಗಡಿ. ಮಧ್ಯಾಹ್ನ ಬ್ಯಾಡಗಿ ಕಾಯಿ ಚೀಲ ಬಿಚ್ಚಿದ ಕೂಡಲೆ ಬರ್ತಿತ್ತಲ್ರಿ, ಅದ."

ಕಾಕಾನ ಮೂಗಿನ ಹೊಳ್ಳೆ ಅಲುಗಿತು. "ಮಾಲು ಒಣಗಿದ್ದೋ, ಹಸೀದೋ?"

"ಹಸೀದು. ಇನ್ನೂ ಸ್ವಲ್ಪ ದಿನ ಇಡಬೇಕಿತ್ತು."

ಕಣ್ಣು ತೆರೆಯದೆಯೇ ನಕ್ಕರು. ಆಮೇಲೆ ಕೇಳಿದರು: "ನಾಳಿಗೆ ರಜಾ ಹಾಕಾಕ ಬರ್ತೈತೇನು ನಿಂಗ?"

"ಯಾಕ್ರಿ?"

"ಅಮರಗೋಳಕ್ಕ ಹೋಗೂಣು. ಮುರಿಯೋದು ನಾನು, ಮೂಸೋದು ನೀನು." ಎದ್ದು ನಿಂತು ಧೋತರ ಕೊಡವಿದರು. "ಮೊದಲ ಆ ಕೈ ತೊಳಕೊ. ನಿಮ್ಮ ಕಾಕು ಬರೋ ಹೊತ್ತಾತು."