ಎಡದೀಪದ ಹಿಂದಿನ ತಂತಿ

ಗಫೂರಣ್ಣ, ನಿಮ್ಮ ಬಲಗೈ ಮುರಿಸಿದವನು ನಾನೇ. ಹೊಡೆದವರು ಬೇರೆ, ನಿಜ — ಆದರೆ ಅವರನ್ನು ನಿಮ್ಮ ಮೇಲೆ ಬಿಟ್ಟ ಮಾತು ಹೊರಟಿದ್ದು ನನ್ನ ಬಾಯಿಂದ.

ಯುದ್ಧದ ಕಾಲ. ಪೆಟ್ರೋಲು ಸಿಗದೆ ಇದ್ದಿಲಿನಲ್ಲಿ ಓಡುತ್ತಿದ್ದ ಮದ್ದೂರು–ಮಳವಳ್ಳಿ ಬಸ್ಸಿಗೆ ನಾನು ಡ್ರೈವರು, ನೀವು ಮೆಕ್ಯಾನಿಕ್ಕು. ಆಯುಧಪೂಜೆಯ ಹಿಂದಿನ ದಿನ ಹಾರನ್ ರಿಪೇರಿ ಮಾಡಿ, ನನ್ನನ್ನು ಬಸ್ಸಿನ ಮುಂದೆ ಕುಕ್ಕುರುಗಾಲಲ್ಲಿ ಕೂರಿಸಿ ತೋರಿಸಿದಿರಿ.

"ನೋಡ್ಲಾ ಚನ್ನ, ಆರನ್ ಜಾಲರಿ ಇಂದೆ ಅದೆ. ಅದ್ರ ವೈರು ಎಡಗಡೆ ದೀಪದ ಇಂದ್ಲಿಂದ ಬತ್ತದೆ. ಅಲ್ಲಿ ಮಾತ್ರ ಏನೂ ಕಟ್ಬ್ಯಾಡ ಕಣ್ಲಾ."

ಮರುದಿನ ನಾನು ಅಲ್ಲೇ ಕಟ್ಟಿದೆ. ಚೆಂಡುಹೂವಿನ ಹಾರ ತೋಳು ದಪ್ಪವಿತ್ತು. ದಾರ ತಡೆಯದೆಂದು ಕಬ್ಬಿಣದ ತಂತಿ ಸುತ್ತಿ, ಎಡದೀಪದ ಹಿಂದೆ ಇಕ್ಕಳದಲ್ಲಿ ಬಿಗಿದೆ. ಎಲ್ಲರ ಬಸ್ಸಿಗಿಂತ ನನ್ನದು ಚೆಂದ ಕಾಣಲಿ ಎಂಬ ಕೊಬ್ಬು, ಬೇರೇನಲ್ಲ. ನೀವು ಬಸ್ಸಿನ ಹಿಂಬದಿಯ ಒಲೆಗೆ ಇದ್ದಿಲು ತುಂಬುತ್ತಿದ್ದಿರಿ, ನೋಡಲಿಲ್ಲ.

ಪೂಜೆ ಮುಗಿಸಿ ಹೊರಟೆವು; ಇದ್ದಿಲು ನೋಡಿಕೊಳ್ಳಲು ನೀವೂ ಬಸ್ಸಿನಲ್ಲೇ ಇದ್ದಿರಿ. ಮಳವಳ್ಳಿ ಹತ್ತಿರದ ತಿರುವಿನಲ್ಲಿ ಹಾರನ್ ಒತ್ತಿದೆ — ಸದ್ದಿಲ್ಲ. ಎದುರಿಗೆ ಕಬ್ಬಿನ ಗಾಡಿ. ಒಂದು ಎತ್ತು ಬಸ್ಸಿನಡಿ ಹೊಟ್ಟೆ ಸೀಳಿ ಸತ್ತಿತು. ಗಾಡಿಯವನ ತೊಡೆ ಜಜ್ಜಿಹೋಯಿತು. ಗದ್ದೆಗಳಿಂದ ಜನ ಓಡಿ ಬರುವಷ್ಟರಲ್ಲಿ ನಾನು ದೀಪದ ಹಿಂದೆ ಕೈ ಹಾಕಿದ್ದೆ. ಬಸ್ಸು ಕುಲುಕಿದಂತೆಲ್ಲ ನನ್ನ ತಂತಿ ಹಾರನ್ನಿನ ವೈರನ್ನು ಕೊಯ್ದುಹಾಕಿತ್ತು. ಹಾರ ಕಟ್ಟಿದ ಆ ತಂತಿಯನ್ನು ಕಿತ್ತು ಮುಷ್ಟಿಯಲ್ಲಿ ಅಡಗಿಸಿದೆ.

"ಆರನ್ ಯಾಕ್ಲಾ ಒಡೀನಿಲ್ಲ?" ಎಂದು ಒಬ್ಬ ನನ್ನ ಅಂಗಿ ಹಿಡಿದ.

"ನೆನ್ನೆ ರಿಪೇರಿ ಮಾಡ್ದೋರು ಅವ್ರೇ!" ಎಂದು ನಿಮ್ಮ ಕಡೆ ಬೆರಳು ಮಾಡಿದೆ.

ಮಾತು ಸುಳ್ಳಲ್ಲ — ಅದಕ್ಕೇ ಅದು ಇನ್ನೂ ಹೊಲಸು... ನಿಮ್ಮನ್ನು ರಸ್ತೆಗೆ ಎಳೆದರು. ಗಾಡಿಯ ಗೂಟ ಕಿತ್ತುಕೊಂಡು ಬಡಿದರು. ತಲೆ ಕಾಯಲು ಎತ್ತಿದ ಬಲಗೈಯ ಮೂಳೆ ಮುರಿದದ್ದು ನನಗೆ ಕೇಳಿಸಿತು. ನೆತ್ತರು ಇಳಿಯುವ ಕಣ್ಣಲ್ಲೇ ನೀವು ನನ್ನ ಮುಷ್ಟಿಯನ್ನು ನೋಡಿದಿರಿ. ತಂತಿಯ ತುದಿ ಇಣುಕುತ್ತಿತ್ತು, ಅದಕ್ಕೆ ಹೂವಿನ ಎಸಳು ಅಂಟಿತ್ತು. ನಿಮಗೆ ಎಲ್ಲ ಗೊತ್ತಾಯಿತು. ಆದರೂ ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ನಾನು ಅಲ್ಲೇ ಹೆಣವಾಗುತ್ತಿದ್ದೆ.

ಆ ಕೈ ಮತ್ತೆ ಸ್ಪ್ಯಾನರ್ ಹಿಡಿಯಲಿಲ್ಲ. ಮದ್ದೂರಿನ ಬಸ್ ಸ್ಟ್ಯಾಂಡಿನಲ್ಲಿ ಎಡಗೈಯಿಂದ ಬೀಡಿ ಕಟ್ಟು ಕೊಡುತ್ತಾ ಕೂತಿದ್ದೀರಿ. ಎತ್ತು ಕೊಂದ ಸಾಬಿ ಎಂದು ಜನ ಇಂದಿಗೂ ಅನ್ನುತ್ತಾರೆ. ಕೇಳಿಸಿಕೊಂಡು ನಾನು ಬಸ್ಸು ಹತ್ತುತ್ತೇನೆ — ಇಷ್ಟು ವರ್ಷ ಹಾಗೇ ಹತ್ತಿದ್ದೇನೆ. ನಾಚಿಕೆಯಾಗುತ್ತದೆ.

ನಾಳೆ ಅದೇ ಸ್ಟ್ಯಾಂಡಿನಲ್ಲಿ, ಎಲ್ಲರ ಮುಂದೆ ಹೇಳುತ್ತೇನೆ. ಹೊಡೆಯುವವರು ಹೊಡೆಯಲಿ. ಗಫೂರಣ್ಣ, ಈ ಸಲ ಮಾತ್ರ ನನ್ನನ್ನು ಕಾಪಾಡಬೇಡಿ.