ಕಂಡಕ್ಟರಿಗೆ ಬೇಕಾದವರು

ಲಿಂಗನಮಕ್ಕಿ ಅಣೆಕಟ್ಟು ಕಟ್ಟುತ್ತಿದ್ದ ಕಾಲ. ಹೊಸನಗರದ ಶಾಲೆಗೆ ಮೇಷ್ಟ್ರಾಗಿ ಹೋದ ನನಗೆ ಅಲ್ಲಿ ಮಾತಾಡಲು ಒಬ್ಬರೂ ಇರಲಿಲ್ಲ. ಬೇಸರ ತಡೆಯದೆ ವರ್ಗಾವಣೆಗೆ ಅರ್ಜಿ ಬರೆದಿಟ್ಟಿದ್ದೆ. ಶನಿವಾರ ಬಂದರೆ ಬಸ್ಸು ಹತ್ತಿ ಸಾಗರದ ಪೇಟೆ ಸುತ್ತಿ ಬರುತ್ತಿದ್ದೆ.

ಆ ಬಸ್ಸಿನ ಕಂಡಕ್ಟರು ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡ ಕುಳ್ಳ ಮನುಷ್ಯ. ಎಷ್ಟೇ ಸೀಟು ಖಾಲಿಯಿದ್ದರೂ ಯಾರನ್ನೂ ಒಂಟಿಯಾಗಿ ಕೂರಲು ಬಿಡುತ್ತಿರಲಿಲ್ಲ. ನನ್ನ ಭುಜ ಹಿಡಿದು ಯಾರದೋ ಪಕ್ಕಕ್ಕೆ ತಳ್ಳಿ, "ಮೇಷ್ಟ್ರೇ, ಇಲ್ಲಿ ಕೂತ್ಕಳಿ. ಇವ್ರು ನಮಗೆ ಭಾರಿ ಬೇಕಾದೋರು" ಎನ್ನುತ್ತಿದ್ದರು. ಹಾಗೆಂದ ಮೇಲೆ ಮುಖ ತಿರುಗಿಸಿ ಕೂರುವುದು ಹೇಗೆ? ಹೀಗೆ ಹೊಸನಗರದವರೇ ಆದ ಒಬ್ಬ ಟೈಲರು, ಒಬ್ಬ ಕಾಂಪೌಂಡರು ನನ್ನ ಸ್ನೇಹಿತರಾದರು. ಭಾನುವಾರ ಟೈಲರ ಅಂಗಡಿಯಲ್ಲಿ ಇಸ್ಪೀಟು ಶುರುವಾಯಿತು. ಅರ್ಜಿಯನ್ನು ಹರಿದುಹಾಕಿದೆ.

ಒಮ್ಮೆ ಟೈಲರು ಕೇಳಿದರು: "ಕಂಡಕ್ಟ್ರು ನಿಮಗೆ ಎಂತ ಆಗ್ಬೇಕು?"

"ಏನೂ ಇಲ್ಲ. ನಿಮ್ಮ ನೆಂಟರಲ್ವಾ?"

"ನಂಗೆ ಅವರ ಹೆಸರೂ ಗೊತ್ತಿಲ್ಲ ಮಾರಾಯ್ರೇ!"

ಕಾಂಪೌಂಡರಿಗೂ ಗೊತ್ತಿರಲಿಲ್ಲ.

ಮುಂದಿನ ಶನಿವಾರ ಮೂವರೂ ಬಸ್ಸಿನಲ್ಲೇ ಅವರನ್ನು ಹಿಡಿದು ಕೇಳಿದೆವು. ಅವರು ತಲೆ ಕೆರೆದುಕೊಂಡು, "ಹಂಗ್ ಹೇಳ್ದಿದ್ರೆ ನೀವು ಒಬ್ರಿಗೊಬ್ರು ಮಾತಾಡ್ತಿದ್ರಾ?" ಎಂದರು.

"ಹಾಗಾದ್ರೆ ನಾಳೆ ಇಸ್ಪೀಟಿಗೆ ನೀವೂ ಬರ್ಬೇಕು" ಎಂದೆ.

ಇಡೀ ಬಸ್ಸನ್ನು ಮಾತಾಡಿಸುತ್ತಿದ್ದ ಮನುಷ್ಯ ನಾಚಿ ನೆಲ ನೋಡಿದರು.

"ಬರ್ಬಹುದಿತ್ತು ಮೇಷ್ಟ್ರೇ. ಆದ್ರೆ ನಂಗಲ್ಲಿ ಯಾರೂ ಪರಿಚಯ ಇಲ್ವಲ್ಲ!"