ಗೇಟಿನವರೆಗೆ ಕೊಟ್ಟ ಹೆಗಲು

ಟೈರೋನ್ ಸೀಮೆಯ ಒಳರಸ್ತೆಗಳಲ್ಲಿ ಮರಗಳಿಗೆ ಹೊಡೆದ ಕಪ್ಪು ಹಲಗೆಗಳ ಮೇಲೆ ಬಿಳಿ ಅಕ್ಷರದ ಬೈಬಲ್ ವಾಕ್ಯಗಳಿವೆ. ಅವುಗಳಲ್ಲಿ ಅರ್ಧದಷ್ಟು ಮರ್ವಿನ್ ಗಿಲ್‌ಕ್ರಿಸ್ಟ್ ಬರೆದವು. ಮನೆಗಳಿಗೆ ಬಣ್ಣ ಹೊಡೆಯುವುದು ಅವನ ಕಸುಬು. ವಯಸ್ಸು ಅರವತ್ತೆಂಟು. ಊರಿನ ಪ್ರಾಟೆಸ್ಟೆಂಟರ ಪ್ರೆಸ್ಬಿಟೇರಿಯನ್ ಸಭೆಯಲ್ಲಿ ಅವನು ಆಡಳಿತ ನೋಡುವ ಹಿರಿಯರಲ್ಲೊಬ್ಬ. ಕ್ರಿಸ್ತನು ಎಲ್ಲರಿಗಾಗಿ ಒಂದೇ ಸಾರಿ ಬಲಿಯಾದನೆಂಬ ವಾಕ್ಯವನ್ನು ಅವನು ಬೇಕೆಂದೇ ಕ್ಯಾಥೊಲಿಕರ ಇಗರ್ಜಿಗೆ ತಿರುಗುವ ದಾರಿಯಲ್ಲಿ ಹೊಡೆದಿದ್ದ.

ಆ ತಿರುವಿನ ಎದುರು ಮನೆ ಅವನ ಅಕ್ಕ ಆಲಿವ್‌ಳದು. ಡೊನಲ್ ಮೆಕ್‌ಅಲೀರ್‌ನನ್ನು ಮದುವೆಯಾಗಿ ಅವಳು ಕ್ಯಾಥೊಲಿಕಳಾಗಿ ನಲವತ್ತು ವರ್ಷವಾಗಿತ್ತು. ಮೊದಲ ಹನ್ನೊಂದು ವರ್ಷ ಮರ್ವಿನ್ ಅವರ ಹೊಸ್ತಿಲು ತುಳಿಯಲಿಲ್ಲ. ತಾಯಿ ತೀರಿಕೊಂಡ ಮೇಲೆ ಪ್ರತಿ ಮಂಗಳವಾರ ಚಹಾಕ್ಕೆ ಬರತೊಡಗಿದ. ಚಹಾದ ಜೊತೆ ವಾದವೂ ಇರುತ್ತಿತ್ತು.

ಹೋದ ಫೆಬ್ರವರಿಯಲ್ಲಿ ಆಲಿವ್‌ಳ ಕ್ಯಾನ್ಸರ್ ಕೈಮೀರಿತ್ತು. ಮುಂದಿನ ಕೋಣೆಗೆ ಹಾಸಿಗೆ ತಂದು ಹಾಕಿದ್ದರು.

"ನನ್ನ ಸಾವಿನ ಬಲಿಪೂಜೇಲಿ ನೀನು ಓದ್ಬೇಕು," ಎಂದಳು. "ಪೌಲ ರೋಮಿನವರಿಗೆ ಬರೆದದ್ದು, ಎಂಟನೇ ಅಧ್ಯಾಯದ ಕೊನೆ. ಅಪ್ಪ ನಮ್ಮಿಬ್ರಿಗೂ ಬಾಯಿಪಾಠ ಮಾಡ್ಸಿದ್ದು. ಫಾದರ್ ಒಪ್ಪಿದಾರೆ."

"ಇಲ್ಲೇ ಓದ್ತೀನಿ ಅಕ್ಕ. ಈಗ್ಲೇ."

"ಈಗ ನಂಗೇ ಬರುತ್ತೆ. ಆಗ ಹೇಳಕ್ಕೆ ನಾನಿರಲ್ಲ ನೋಡು."

"ಅಲ್ಲಿ ದಿನಾ ಕ್ರಿಸ್ತನ್ನ ಮತ್ತೆ ಬಲಿ ಕೊಡ್ತಾರೆ. ಮುಗಿದ ಕೆಲಸಾನ ಮತ್ತೆ ಮಾಡೋಕೆ ಪಾದ್ರಿ ಯಾರು?"

"ಮತ್ತೆ ಅಲ್ಲ, ಅದೇ ಬಲಿ. ನಿನ್ನ ಹಲಗೆ ನೋಡ್ಕೊಂಡೇ ಇಷ್ಟು ವರ್ಷ ಪಾತ್ರೆ ತೊಳ್ದಿದೀನಿ. ಒಂದಕ್ಷರ ತಪ್ಪು ಅನ್ಸಿಲ್ಲ."

"ಆಮೇಲೆ ನಿನ್ನ ಆತ್ಮಕ್ಕೆ ಅಂತ ಪ್ರಾರ್ಥನೆ ಮಾಡ್ತಾರೆ. ಸತ್ತವರಿಗೋಸ್ಕರ ಪ್ರಾರ್ಥನೆ ಮಾಡಿ ಅಂತ ಎಲ್ಲಿದೆ? ನಮ್ಮ ಬೈಬಲಲ್ಲಿ ತೋರ್ಸು."

"ಅದಿರೋ ಪುಸ್ತಕಾನೇ ನೀವು ಬೈಬಲಿಂದ ತೆಗೆದುಹಾಕಿದೀರಿ. ಎಲ್ಲಿಂದ ತೋರ್ಸ್ಲಿ?"

ಚಹಾ ತಂದ ಡೊನಲ್, "ನೀವಿಬ್ರೂ ಸ್ವರ್ಗಕ್ಕೆ ಹೋದ್ರೆ ಅಲ್ಲಿರೋರಿಗೆ ನೆಮ್ಮದಿ ಇಲ್ಲ," ಎಂದ.

"ಬರ್ತೀಯೋ ಇಲ್ವೋ?" ಎಂದು ಆಲಿವ್ ಕೇಳಿದಳು.

ಮರ್ವಿನ್ ಲೋಟದೊಳಗೆ ನೋಡುತ್ತ, "ನೋಡೋಣ" ಎಂದ.

ಆರು ವರ್ಷದ ಹಿಂದೆ ಅವನ ಜೊತೆಯ ಹಿರಿಯರೊಬ್ಬರು ಕ್ಯಾಥೊಲಿಕ್ ನೆರೆಯವನ ಶವಸಂಸ್ಕಾರಕ್ಕೆಂದು ಇಗರ್ಜಿಯೊಳಗೆ ಹೋಗಿ ಕೊನೆಯ ಬೆಂಚಿನಲ್ಲಿ ಕೂತು ಬಂದಿದ್ದರು. ಅವರನ್ನು ಹಿರಿತನದಿಂದ ತೆಗೆಯಬೇಕೆಂದು ಸಭೆಯಲ್ಲಿ ಎದ್ದು ನಿಂತವನು ಮರ್ವಿನ್. ಅವರು ಮತ್ತೆ ಸಭೆಗೆ ಬರಲಿಲ್ಲ, ಹಾಗೆಯೇ ತೀರಿಕೊಂಡರು. ಇದು ಆಲಿವ್‌ಗೂ ಗೊತ್ತಿತ್ತು.

ಎರಡು ವಾರದಲ್ಲಿ ಅವಳು ಹೋದಳು. ಆ ಸೀಮೆಯಲ್ಲಿ ಶವಪೆಟ್ಟಿಗೆಗೆ ನೆರೆಹೊರೆಯವರು ಸರದಿಯಂತೆ ಹೆಗಲು ಕೊಡುತ್ತಾರೆ. ಸತ್ತವರು ಕ್ಯಾಥೊಲಿಕರಾದರೆ, ನೇಮನಿಷ್ಠೆಯ ಪ್ರಾಟೆಸ್ಟೆಂಟರು ಇಗರ್ಜಿಯ ಗೇಟಿನವರೆಗೆ ಹೊತ್ತು, ಅಲ್ಲಿ ಹೆಗಲು ಬಿಟ್ಟುಕೊಟ್ಟು, ಪೂಜೆ ಮುಗಿಯುವವರೆಗೆ ರಸ್ತೆಯಲ್ಲಿ ನಿಲ್ಲುತ್ತಾರೆ. ಅದನ್ನು ಯಾರೂ ಅವಮಾನವೆಂದು ತಿಳಿಯುವುದಿಲ್ಲ.

ಮರ್ವಿನ್ ಪೆಟ್ಟಿಗೆಯ ಮುಂದಿನ ಎಡಗಡೆ ಹೆಗಲು ಕೊಟ್ಟಿದ್ದ. ಕೋಟಿನ ಜೇಬಿನಲ್ಲಿ ಅಕ್ಕ ಓದಲು ಹೇಳಿದ್ದ ಭಾಗವನ್ನು ದಪ್ಪಕ್ಷರದಲ್ಲಿ ಬರೆದ ಕಾಗದವಿತ್ತು. ಗೇಟು ಬಂತು. ಬಲಗಡೆಯ ಹೆಗಲಿನ ಡೊನಲ್, "ಬಾರೋ ಮರ್ವಿನ್. ಇಪ್ಪತ್ತು ಹೆಜ್ಜೆ," ಎಂದ.

ಮರ್ವಿನ್ ಬಗ್ಗಿ ಪೆಟ್ಟಿಗೆಯಡಿಯಿಂದ ಹೊರಗೆ ಬಂದ. ಆ ಜಾಗಕ್ಕೆ ಇನ್ನೊಂದು ಹೆಗಲು ಬಂತು.

ಗೋಡೆಯ ಮೇಲಿನ ಸ್ಪೀಕರಿನಲ್ಲಿ ಒಳಗಿನದೆಲ್ಲ ರಸ್ತೆಗೆ ಕೇಳುತ್ತಿತ್ತು. ಅದೇ ಭಾಗವನ್ನು ಡೊನಲ್ ಓದತೊಡಗಿದ. ಮರಣವಾಗಲಿ ಜೀವವಾಗಲಿ ಎಂಬಲ್ಲಿಗೆ ಅವನ ಓದು ನಿಂತಿತು. ಸ್ಪೀಕರಿನಲ್ಲಿ ಉಸಿರಿನ ಸದ್ದಷ್ಟೇ ಉಳಿಯಿತು. ರಸ್ತೆಯಲ್ಲಿ ಮರ್ವಿನ್ ಟೋಪಿ ತೆಗೆದು, ಕಾಗದ ನೋಡದೆ, ಉಳಿದ ಮಾತುಗಳನ್ನು ಕೊನೆಯವರೆಗೆ ಹೇಳಿದ. ಪಕ್ಕದಲ್ಲಿದ್ದ ಏಳೆಂಟು ಮಂದಿಗೆ ಕೇಳಿಸಿತು. ಒಳಗೆ ಯಾರಿಗೂ ಕೇಳಿಸಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಪಾದ್ರಿಯೇ ಓದಿ ಮುಗಿಸಿದರು.

ಮಂಗಳವಾರ ಮರ್ವಿನ್ ಎಂದಿನಂತೆ ಹೋದ. ಡೊನಲ್ ಚಹಾ ಕೊಟ್ಟ. ಪೂಜೆಯ ದಿನ ಹಂಚಿದ್ದ ಅಚ್ಚಿನ ಹಾಳೆಯನ್ನು ಮುಂದಿಟ್ಟ. ವಾಚನ ಎಂಬುದರ ಎದುರು ಮರ್ವಿನ್ ಗಿಲ್‌ಕ್ರಿಸ್ಟ್ ಎಂದಿತ್ತು.

"ಇನ್ನೊಬ್ರ ಹೆಸರು ಹಾಕ್ಸು ಅಂದೆ. ಅವಳು ಕೇಳಲಿಲ್ಲ. ಬಂದೇ ಬರ್ತಾನೆ ಅಂದ್ಲು."

ಮರ್ವಿನ್ ಹಾಳೆಯನ್ನು ಮಡಚಲಿಲ್ಲ, ಮುಟ್ಟಲೂ ಇಲ್ಲ. "ವಾಕ್ಯದ ಪ್ರಕಾರ ನಾನು ಮಾಡಿದ್ದು ಸರಿ, ಭಾವ."

"ಇರಬಹುದು," ಎಂದ ಡೊನಲ್. ಲೋಟಗಳನ್ನು ಎತ್ತಿಕೊಂಡ. "ಮುಂದಿನ ಮಂಗಳವಾರ ಬರೋದು ಬೇಡ."